ಬ್ಯಾಚಿನ ಪಟ್ಟಿಯಲ್ಲಿ ಎರಡನೇ ನಂಬರು

ವೇದಿಕೆಯ ಮೇಲಿನ ಹಿರಿಯರೇ, ಎದುರಿಗೆ ಕೂತಿರುವ ಮಾಜಿ ಸೈನಿಕರೇ, ಅವರಿಗೆ ಮಾತ್ರೆ ನೆನಪು ಮಾಡಿ ಇಲ್ಲಿಯವರೆಗೆ ಕರೆತಂದಿರುವ ಮನೆಯವರೇ,

ಕೊಡಗಿನಲ್ಲಿ ನಿಂತು ಸೈನ್ಯದ ಹಿರಿಮೆ ಹೇಳುವುದೆಂದರೆ ತಲಕಾವೇರಿಗೆ ನೀರು ಹೊತ್ತ ಹಾಗೆ. ಕಾರ್ಯಪ್ಪ, ತಿಮ್ಮಯ್ಯ ಎಂದು ಶುರು ಮಾಡಿದರೆ ಮುಂದಿನದನ್ನು ನೀವೇ ಹೇಳಿ ಮುಗಿಸುತ್ತೀರಿ. ಅದನ್ನು ಬಿಟ್ಟು ಇವತ್ತಿನ ವಿಷಯಕ್ಕೆ ಬರುತ್ತೇನೆ. ಅಕಾಡೆಮಿಯಲ್ಲಿ ಜೊತೆಗೆ ಬೆವರು ಸುರಿಸಿದವರು ನಿವೃತ್ತಿಯ ಮೇಲೂ ಸೇರುತ್ತಿರುವುದು ಹೇಗೆ, ಸೇರಿದಾಗ ನಾಲ್ಕು ಕಾಸು ಕೂಡಿಸಿ ಒಳ್ಳೆಯ ಕೆಲಸಕ್ಕೆ ಹಚ್ಚುವುದು ಹೇಗೆ.

ನನ್ನ ವಾದ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಮಯ ಸಿಗದೇ ಹೋಗಬಹುದು. ಬ್ಯಾಚಿನ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಫೋನ್ ನಂಬರ್ ಇರಬೇಕು. ಒಂದು ಅವರದು, ಇನ್ನೊಂದು ಅವರ ಮನೆಯವರದೋ ಮಕ್ಕಳದೋ. ಎರಡನೆಯದು ಇಲ್ಲದ ಬ್ಯಾಚು, ಕೋರ್ಸ್‌ಮೇಟ್ ತೀರಿಕೊಂಡ ಕೆಲವೇ ತಿಂಗಳಲ್ಲಿ ಆ ಮನೆಯನ್ನೇ ಕಳೆದುಕೊಳ್ಳುತ್ತದೆ. ಸಿಮ್‌ಗೆ ಯಾರೂ ರೀಚಾರ್ಜ್ ಮಾಡುವುದಿಲ್ಲ. ಕಂಪನಿಯವರು ಆ ನಂಬರನ್ನು ಬೇರೆಯವರಿಗೆ ಕೊಡುತ್ತಾರೆ. ಮುಂದಿನ ವರ್ಷ ನಿಮ್ಮ ಹುಟ್ಟುಹಬ್ಬದ ಶುಭಾಶಯ ಯಾವುದೋ ಊರಿನ ಅಂಗಡಿಯವನಿಗೆ ಹೋಗುತ್ತದೆ. ಪಾಪ, ಅವನೂ ಕೈ ಮುಗಿಯುವ ಚಿತ್ರ ಕಳಿಸುತ್ತಾನೆ. ಎಲ್ಲ ಸರಿಯಾಗಿದೆ ಎಂದು ನೀವು ಸುಮ್ಮನಾಗುತ್ತೀರಿ.

ಬ್ಯಾಚಿಗೂ ಬೇರೆ ಸಂಘಗಳಿಗೂ ಒಂದು ವ್ಯತ್ಯಾಸ ಇದೆ. ಸಂಘಕ್ಕೆ ಹೊಸಬರು ಬರುತ್ತಾರೆ, ಬ್ಯಾಚಿಗೆ ಯಾರೂ ಬರುವುದಿಲ್ಲ. ಎಲ್ಲರಿಗೂ ಒಟ್ಟಿಗೇ ವಯಸ್ಸಾಗುತ್ತದೆ. ಖಡಕ್‌ವಾಸ್ಲಾದ ಅಕಾಡೆಮಿಯಲ್ಲಿ 3 ವರ್ಷ, ಡೆಹ್ರಾಡೂನಿನ ಅಕಾಡೆಮಿಯಲ್ಲಿ 1 ವರ್ಷ ಮುಗಿಸಿ ಅಧಿಕಾರಿಯಾಗಿ ಕಮಿಷನ್ ಆಗುವಾಗ ಹುಡುಗನಿಗೆ 21–22. ಬೆಳ್ಳಿ ಹಬ್ಬಕ್ಕೆ 46–47. ಚಿನ್ನದ ಹಬ್ಬಕ್ಕೆ 71 ದಾಟಿರುತ್ತದೆ. ಬೆಳ್ಳಿಗೂ ಚಿನ್ನಕ್ಕೂ ನಡುವಿನ ಆ 25 ವರ್ಷದಲ್ಲೇ ನಿವೃತ್ತಿ, ಮಕ್ಕಳ ಮದುವೆ, ಮೊದಲ ಸ್ಟೆಂಟು, ಊರು ಬದಲಾವಣೆ ಎಲ್ಲವೂ ಬರುವುದು. ಅದೇ ಅವಧಿಯಲ್ಲಿ ಸೇರದೇ ಇರುವವರು ಚಿನ್ನದ ಹಬ್ಬಕ್ಕೆ ಪಟ್ಟಿ ಹುಡುಕಲು ಹೊರಡುತ್ತಾರೆ. ನನ್ನನ್ನು ಕೇಳಿದರೆ 55ರವರೆಗೆ 5 ವರ್ಷಕ್ಕೊಮ್ಮೆ ಸಾಕು. 55ರಿಂದ 70ರವರೆಗೆ 2 ವರ್ಷಕ್ಕೊಮ್ಮೆ. 70 ದಾಟಿದ ಮೇಲೆ ಪ್ರತಿ ವರ್ಷ, ಸಣ್ಣದಾಗಿ, ಹತ್ತಿರದಲ್ಲಿ. ಮೈಸೂರಿನವರು ಮೈಸೂರಿನಲ್ಲಿ, ಕೊಡಗಿನವರು ಕೊಡಗಿನಲ್ಲಿ ಸೇರಿದರೂ ಅದು ಪುನರ್ಮಿಲನವೇ.

ಬ್ಯಾಚಿನ ಮಾತು ಬಂದಾಗ ಡೆಹ್ರಾಡೂನಿನ ಮೊದಲ ಕೋರ್ಸ್ ನೆನಪಾಗುತ್ತದೆ. 1932ರ ಅಕ್ಟೋಬರ್ 1ರಂದು 40 ಮಂದಿ ಸೇರಿದರು. ಆ 40ರಲ್ಲಿ ಮಾಣೆಕ್‌ಷಾ ಇದ್ದರು, ಮುಂದೆ ಪಾಕಿಸ್ತಾನದ ಸೇನಾಧಿಪತಿಯಾದ ಮೊಹಮ್ಮದ್ ಮೂಸಾ ಇದ್ದರು, ಬರ್ಮಾದ ಸೇನಾಧಿಪತಿಯಾದ ಸ್ಮಿತ್ ಡನ್ ಇದ್ದರು. ಒಂದೇ ಬ್ಯಾಚು, ಮೂರು ದೇಶದ ಸೇನಾಧಿಪತಿಗಳು. ಆ ಬ್ಯಾಚಿನ ಊಟಕ್ಕೆ ಯಾರನ್ನು ಯಾರ ಪಕ್ಕ ಕೂರಿಸುವುದು ಎನ್ನುವ ಪಾಡು ಯಾವ ಸಂಘಟಕನಿಗೂ ಬೇಡ. ನಮ್ಮಲ್ಲಿ ವಾಟ್ಸಾಪ್ ಗುಂಪಿನಲ್ಲಿ ಚುನಾವಣೆಯ ಮಾತಿಗೆ ಮುನಿಸಿಕೊಂಡು ಹೊರಹೋಗುವವರಿಗೆ ಇದನ್ನು ಹೇಳಬೇಕು. 

ಆ ಮೂಸಾ 1965ರ ಯುದ್ಧದಲ್ಲಿ ಎದುರು ಪಾಳಯದ ದಂಡನಾಯಕ. 1965 ಎಂದಮೇಲೆ ನಮ್ಮ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯನವರ ಕತೆ ಹೇಳದೆ ಮುಂದೆ ಹೋಗಲಾರೆ. ನಿಮಗೆ ಗೊತ್ತಿರುವುದೇ. ಮಡಿಕೇರಿಯ ವೃತ್ತದಲ್ಲಿ ದಿನಾ ಅವರ ಹೆಸರು ಓದಿಕೊಂಡೇ ಬಸ್ಸು ಹತ್ತುತ್ತೀರಿ. ಆದರೂ ಕೇಳಿ, ಇವತ್ತಿನ ವಿಷಯಕ್ಕೆ ಅದರಲ್ಲಿ ಒಂದು ಎಳೆ ಇದೆ.

ಸೆಪ್ಟೆಂಬರ್ 7, ಬೆಳಗಿನ ಜಾವ. ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಕಡೆಗೆ ಹಾರಿದವು. ದೇವಯ್ಯ ಅವತ್ತು ಮುಖ್ಯ ತಂಡದಲ್ಲಿ ಇರಲಿಲ್ಲ, ಯಾರಾದರೂ ಹಿಂದುಳಿದರೆ ಸೇರಿಕೊಳ್ಳಲು ಕಾದಿದ್ದವರು. ಸೇರಿಕೊಂಡರು. ವಾಪಸು ಬರುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಅವರಿಗೆ ಗಂಟುಬಿತ್ತು. ಸ್ಟಾರ್‌ಫೈಟರ್ ಎಂದರೆ ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ಏಟು ತಿಂದ ಮೇಲೂ ದೇವಯ್ಯ ಓಡದೆ ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಹಿಂತಿರುಗಲಿಲ್ಲ. ನಮ್ಮ ಕಡೆಯವರು ಯಾರೂ ಆ ಕಾಳಗ ನೋಡಿರಲಿಲ್ಲ. ಕಡತದಲ್ಲಿ ಉಳಿದದ್ದು ‘ಕಾಣೆಯಾಗಿದ್ದಾರೆ’ ಎಂಬ ಷರಾ. ಎಷ್ಟೋ ವರ್ಷದ ಮೇಲೆ ಆಚೆ ಕಡೆಯ ವಿವರ ಪುಸ್ತಕವಾಗಿ ಹೊರಬಂತು. ಅದನ್ನು ಓದಿದವರು ಲೆಕ್ಕ ಹಾಕಿ ನೋಡಿದರು, ಆ ಮಿಸ್ಟೇರ್ ದೇವಯ್ಯನವರದೇ ಎಂದು ತಿಳಿಯಿತು. 1988ರಲ್ಲಿ ಮಹಾವೀರ ಚಕ್ರ. 23 ವರ್ಷ.

ನಾನು ಹೇಳುವ ಎಳೆ ಇದು: 23 ವರ್ಷ ಕಳೆದ ಮೇಲೂ ಕಡತ ಮತ್ತೆ ತೆರೆಯಬಹುದು. ಪದಕ ಇರಬಹುದು, ಬಾಕಿ ಪಿಂಚಣಿ ಇರಬಹುದು, ನ್ಯಾಯಾಲಯದ ತೀರ್ಪೊಂದರ ಲಾಭ ಇರಬಹುದು. ಆ ದಿನ ಬಂದಾಗ ಮನೆ ಎಲ್ಲಿದೆ, ಫೋನ್ ಎತ್ತುವವರು ಯಾರು ಎಂದು ಬ್ಯಾಚಿನವರಿಗೆ ಗೊತ್ತಿರಬೇಕು. ಎರಡನೇ ನಂಬರು ಅಂತ ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ.

ಈಗ ಆ ನಂಬರಿಗೆ ಫೋನ್ ಮಾಡಿ ಏನು ಕೇಳಬೇಕು? ‘ಹೇಗಿದ್ದೀರಿ ಅಕ್ಕ’ ಎಂದು ಕೇಳಿ ಇಟ್ಟುಬಿಟ್ಟರೆ ಸಾಲದು. ಮೂರು ಪ್ರಶ್ನೆ. ಪಿಪಿಓದಲ್ಲಿ, ಅಂದರೆ ಪಿಂಚಣಿ ಆದೇಶ ಪತ್ರದಲ್ಲಿ, ನಿಮ್ಮ ಹೆಸರು ಹೇಗಿದೆ? ಹುಟ್ಟಿದ ದಿನಾಂಕ ಇದೆಯೇ? ಈ ವರ್ಷದ ಜೀವಂತ ಪ್ರಮಾಣಪತ್ರ ಕೊಟ್ಟಾಯಿತೇ?

ಹೆಸರಿನ ತೊಡಕು ಕೊಡಗಿನವರಿಗೆ ಬೇರೆಯವರಿಗಿಂತ ಹೆಚ್ಚು. ನಮ್ಮಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಸೇನೆಯ ದಾಖಲೆಯಲ್ಲಿ ಅದು ಒಂದು ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಪೂರ್ತಿ ಇರುತ್ತದೆ, ಬ್ಯಾಂಕಿನಲ್ಲಿ ಹಿಂದೆ ಹೋಗಿರುತ್ತದೆ. ಮನೆಯವರದು ಇನ್ನೂ ಕಷ್ಟ: ಒಂದು ಕಾಗದದಲ್ಲಿ ತವರಿನ ಮನೆತನ, ಇನ್ನೊಂದರಲ್ಲಿ ಗಂಡನ ಮನೆತನ. ಸೇನಾ ಪಿಂಚಣಿ ನೋಡಿಕೊಳ್ಳುವ ‘ಸ್ಪರ್ಶ್’ ಕಂಪ್ಯೂಟರಿಗೆ ನಮ್ಮ ಒಕ್ಕದ, ಅಂದರೆ ಮನೆತನದ, ಪದ್ಧತಿ ಗೊತ್ತಿಲ್ಲ, ಅಕ್ಷರ ಹೊಂದದಿದ್ದರೆ ಅರ್ಜಿ ವಾಪಸು. ಗಂಡ ಇರುವಾಗಲೇ ಇದನ್ನು ತಿದ್ದಿಸುವುದು ಸುಲಭ. ಹೋದ ಮೇಲೆ ಅಫಿಡವಿಟ್ಟು, ನೋಟರಿ, ಓಡಾಟ.

ಹುಟ್ಟಿದ ದಿನಾಂಕದ್ದು ಇನ್ನೂ ದುಬಾರಿ ತಪ್ಪು. ಕುಟುಂಬ ಪಿಂಚಣಿ ಪಡೆಯುವವರಿಗೆ 80 ತುಂಬಿದರೆ ಶೇ 20 ಹೆಚ್ಚುವರಿ ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, 100 ತುಂಬಿದರೆ ಮೂಲದಷ್ಟೇ ಇನ್ನೊಂದು. ಆದರೆ ಹಳೆಯ ಎಷ್ಟೋ ಪಿಪಿಓಗಳಲ್ಲಿ ಹೆಂಡತಿಯ ಹುಟ್ಟಿದ ದಿನಾಂಕವೇ ಇಲ್ಲ. ದಿನಾಂಕ ಇಲ್ಲದಿದ್ದರೆ 80 ಆದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿಯೂ ಕೇಳುವುದಿಲ್ಲ, ಬಂದದ್ದೇ ಇಷ್ಟು ಎಂದುಕೊಂಡಿರುತ್ತಾರೆ.

ಆದ್ದರಿಂದ ಪುನರ್ಮಿಲನದ ಸಭಾಂಗಣದಲ್ಲಿ ಒಂದು ಮೇಜು ಹಾಕಿ. ಬಾರಿನ ಕೌಂಟರಿನ ಎದುರಿಗೇ ಹಾಕಿ, ಎಲ್ಲರೂ ಆ ಕಡೆ ಒಮ್ಮೆಯಾದರೂ ಬಂದೇ ಬರುತ್ತಾರೆ. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಬೆರಳಚ್ಚು ತೆಗೆಯುವ ಸಾಧನ, ಸ್ಪರ್ಶ್ ಬಲ್ಲ ಒಬ್ಬರು. ಆಮಂತ್ರಣದಲ್ಲೇ ಬರೆಯಿರಿ: ಪಿಪಿಓ, ಆಧಾರ್, ಪ್ಯಾನ್, ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇವುಗಳ ಪ್ರತಿ ತನ್ನಿ. ಆಧಾರಿಗೆ ಜೋಡಿಸಿದ ಫೋನೂ ಜೊತೆಗಿರಲಿ. ಒಟಿಪಿ ಮನೆಯಲ್ಲಿ ಬಿಟ್ಟುಬಂದ ಫೋನಿಗೆ ಬಂದರೆ ಇಡೀ ಮೇಜೇ ನಿಂತುಹೋಗುತ್ತದೆ.

ಇನ್ನು ಹಣದ ಮಾತು. ಗೆಳೆತನ ಕೆಡುವುದು ಇಲ್ಲಿ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು.

ಎರಡು ಗಡಿಗೆ ಬೇರೆ ಬೇರೆ ಇಡಿ. ಮೊದಲನೆಯದು ನಮ್ಮವರಿಗೆ: ಕೋರ್ಸ್‌ಮೇಟ್ ಆಸ್ಪತ್ರೆ ಸೇರಿದರೆ, ಮನೆಯವರಿಗೆ ತುರ್ತು ಬಿದ್ದರೆ. ಎರಡನೆಯದು ಊರಿಗೆ: ವಿದ್ಯಾರ್ಥಿವೇತನ, ಶಾಲೆ, ಗಾಯಗೊಂಡ ಜವಾನರು. ಎರಡನ್ನೂ ಒಂದೇ ಖಾತೆಗೆ ಹಾಕಿ, ಒಂದು ಟ್ರಸ್ಟ್ ಮಾಡಿ, ಎಲ್ಲಕ್ಕೂ ದಾನಿಗಳಿಗೆ ತೆರಿಗೆ ರಿಯಾಯಿತಿ ಕೇಳುವುದು ಎಲ್ಲರೂ ಮಾಡುವ ಕೆಲಸ. ನಡೆಯುವುದಿಲ್ಲ. ಗೊತ್ತಿರುವ ನಾಲ್ಕು ಜನರು ತಮ್ಮೊಳಗೇ ಹಂಚಿಕೊಂಡರೆ ಕಾನೂನಿನ ಕಣ್ಣಿಗೆ ಅದು ದಾನವಾಗುವುದಿಲ್ಲ. ಮೊದಲ ಗಡಿಗೆಗೆ ತೆರಿಗೆ ರಿಯಾಯಿತಿಯ ಆಸೆ ಬಿಟ್ಟುಬಿಡಿ. ಎರಡನೆಯದಕ್ಕೆ ಮಾತ್ರ ಸಾರ್ವಜನಿಕ ಟ್ರಸ್ಟ್. ಸೊಸೈಟಿ ಬೇಕೆಂದರೆ ಕರ್ನಾಟಕದ 1960ರ ಕಾಯ್ದೆಯಲ್ಲಿ ಕನಿಷ್ಠ 7 ಜನ ಬೇಕು, ವರ್ಷಾವರ್ಷ ಮಹಾಸಭೆ, ಪದಾಧಿಕಾರಿಗಳ ಪಟ್ಟಿ ಎಲ್ಲ ಕೊಡಬೇಕು. ಕರ್ನಲ್‌ಗಳಿಗೆ ಚುನಾವಣೆ ಮಾಡಿಸಿ ನೋಡಿ, ಆಮೇಲೆ ನನಗೆ ಹೇಳಿ.

ಲೆಕ್ಕ ನೋಡಿ. 70 ಮಂದಿ ತಲಾ ₹25,000 ಕೊಟ್ಟರೆ ₹17.5 ಲಕ್ಷ. ಶೇ 7 ಬಡ್ಡಿಗೆ ವರ್ಷಕ್ಕೆ ₹1,22,500. ಅದರ ಶೇ 85ನ್ನು, ಅಂದರೆ ₹1,04,000 ಚಿಲ್ಲರೆಯನ್ನು, ದಾನದ ಕೆಲಸಕ್ಕೇ ಹಚ್ಚಬೇಕು. ಉಳಿದದ್ದು ಮೂಲಧನಕ್ಕೆ ಸೇರಿಸಬಹುದು. ಕುಡಿಗೆಯ ಸೈನಿಕ ಶಾಲೆಗೋ ಬೇರೆ ಶಾಲೆಗೋ ಹೋಗುವ ಇಬ್ಬರು ಮಕ್ಕಳಿಗೆ ತಲಾ ₹50,000 ಕೊಡಬಹುದು. ದೊಡ್ಡ ಮೊತ್ತವೇನೂ ಅಲ್ಲ, ಆದರೆ ನಿಲ್ಲದೆ ಬರುವ ಹಣ. ಇಲ್ಲೊಂದು ಗುಂಡಿ ಇದೆ: ‘ಇದು ಮೂಲಧನಕ್ಕೆ’ ಎಂದು ದಾನಿ ಬರೆದು ಕೊಟ್ಟಿರಬೇಕು. ಆ ಒಂದು ಸಾಲಿನ ಪತ್ರ ಇಲ್ಲದಿದ್ದರೆ ಪೂರ್ತಿ ₹17.5 ಲಕ್ಷ ಆ ವರ್ಷದ ಆದಾಯ ಎನಿಸಿಕೊಂಡು ಖರ್ಚಿನ ನಿಯಮಕ್ಕೆ ಒಳಪಡುತ್ತದೆ. ಇನ್ನೊಂದು, ನಗದು. ₹2,000 ದಾಟಿದ ನಗದಿಗೆ ದಾನಿಗೆ ತೆರಿಗೆ ರಿಯಾಯಿತಿ ಇಲ್ಲ. ಪಾರ್ಟಿ ರಾತ್ರಿ ಹುರುಪಿನಲ್ಲಿ ಟೋಪಿ ಹಿಡಿದು ನೋಟು ಕೂಡಿಸುವುದನ್ನು ದಯವಿಟ್ಟು ನಿಲ್ಲಿಸಿ.

ವಿದೇಶದ ಹಣದ ಬಗ್ಗೆ ಎಚ್ಚರ. ನಮ್ಮ ಅಕಾಡೆಮಿಗಳಲ್ಲಿ ಮಿತ್ರದೇಶಗಳ ಕೆಡೆಟ್‌ಗಳೂ ಕಲಿಯುತ್ತಾರೆ. ಭೂತಾನಿನ ಕೋರ್ಸ್‌ಮೇಟ್ ಪ್ರೀತಿಯಿಂದ ಟ್ರಸ್ಟಿಗೆ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅಡಿ ವಿದೇಶಿ ದೇಣಿಗೆ. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇಟ್ಟುಕೊಂಡವರದೂ ಅಷ್ಟೇ, ರೂಪಾಯಿಯಲ್ಲಿ ಕೊಟ್ಟರೂ ಅಷ್ಟೇ. ದುಬೈನಲ್ಲಿ ಇದ್ದರೂ ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಹಣ ಬಂದಮೇಲೆ ವಾಪಸು ಕಳಿಸುವುದು ದೊಡ್ಡ ತಲೆನೋವು, ಮೊದಲೇ ಕೇಳಿಕೊಳ್ಳಿ.

ಖಾತೆಗೆ ಮೂವರ ಸಹಿ, ಯಾರಾದರೂ ಇಬ್ಬರದು ಸಾಕು ಎಂದು ಬರೆಸಿ. ಮೂವರಲ್ಲಿ ಒಬ್ಬರು ಮುಂದಿನ ತಲೆಮಾರಿನವರಾಗಲಿ, ಮಗಳೋ ಸೊಸೆಯೋ. ಮೂವರೂ 75 ದಾಟಿದವರಾದರೆ ಒಂದೇ ಮಳೆಗಾಲದಲ್ಲಿ ಖಾತೆ ಅನಾಥವಾಗಬಹುದು. ಮೊದಲ ಗಡಿಗೆಗೆ ಒಂದು ಕೊನೆಯ ದಿನವನ್ನೂ ಈಗಲೇ ನಿಗದಿ ಮಾಡಿ. ಉದಾಹರಣೆಗೆ, ಸದಸ್ಯರು 10ಕ್ಕೆ ಇಳಿದಾಗ ಉಳಿದದ್ದೆಲ್ಲ ಟ್ರಸ್ಟಿಗೆ. ಬರೆಯದೇ ಬಿಟ್ಟರೆ ಕೊನೆಗೆ ಉಳಿಯುವ ಇಬ್ಬರಿಗೆ ಗಟ್ಟಿ ಆರೋಗ್ಯವೂ ಸಿಗುತ್ತದೆ, ಗಡಿಗೆಯೂ ಸಿಗುತ್ತದೆ.

ಟ್ರಸ್ಟ್ ಕಟ್ಟುವ ತಾಳ್ಮೆ ಇಲ್ಲವೇ? ಡಿಸೆಂಬರ್ 7ರ ಧ್ವಜ ದಿನಾಚರಣೆ 1949ರಿಂದ ನಡೆಯುತ್ತಿದೆ. ಆ ನಿಧಿಗೆ ಬ್ಯಾಚಿನ ಹೆಸರಿನಲ್ಲಿ ಪ್ರತಿ ವರ್ಷ ಕೊಡಿ, ರಸೀದಿ ತೆಗೆದುಕೊಳ್ಳಿ, ಮುಗಿಯಿತು. ಅಕಾಡೆಮಿಗೆ ಕಲ್ಲಿನ ಬೆಂಚು ಕೊಡುವವರನ್ನು ಬೇಡ ಅನ್ನುವುದಿಲ್ಲ. ಆದರೆ ಬೆಂಚಿನ ಮೇಲೆ ದಾನಿಗಳ ಹೆಸರು ಕೆತ್ತಿಸುವ ಖರ್ಚಿನಲ್ಲಿ ಪಟ್ಟಿಯನ್ನು ಮುದ್ರಿಸಿ ಎರಡೂ ನಂಬರಿನ ಮನೆಗಳಿಗೆ ಅಂಚೆಯಲ್ಲಿ ಕಳಿಸಬಹುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ.

ಆತಿಥ್ಯದ ಹೊಣೆ ಸರದಿಯಲ್ಲಿ ಹೋಗಲಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ಪ್ರತಿ ಬಾರಿ ಬೇರೆ ಕುಟುಂಬ ಹೊಣೆ ಹೊರುವುದನ್ನು ನೋಡಿದ್ದೀರಿ. ಊಟ, ಕೋಣೆ, ಬಸ್ಸು ಆತಿಥೇಯರದು. ಪಟ್ಟಿ ಮತ್ತು ಹಣದ ಪುಸ್ತಕ ಮಾತ್ರ ಸರದಿಯಲ್ಲಿ ಸುತ್ತಬಾರದು, ಒಂದೇ ಕೈಯಲ್ಲಿ 5 ವರ್ಷವಾದರೂ ಇರಲಿ.

ಕೊಡಗಿನಲ್ಲಿ ಮಾಡುವವರು ಜೂನ್‌ನಿಂದ ಸೆಪ್ಟೆಂಬರ್ ಮರೆತುಬಿಡಿ, 2018ರ ಆಗಸ್ಟ್ ನೆನಪಿದೆಯಲ್ಲ. ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣದ ಜನಜಂಗುಳಿ. ನವೆಂಬರ್ ಕೊನೆಯಿಂದ ಪುತ್ತರಿ ಹಬ್ಬ, ಕಾಫಿ ಕೊಯ್ಲು, ತೋಟದವರು ಯಾರೂ ಕೈಗೆ ಸಿಗುವುದಿಲ್ಲ. ಅಕ್ಟೋಬರ್ ಕೊನೆಯ ವಾರ ಹಿಡಿಯಿರಿ, ವಾರದ ನಡುವಿನ ದಿನ ನೋಡಿ, ಶನಿವಾರ ಹೋಂಸ್ಟೇ ಬೆಲೆ ಏರಿರುತ್ತದೆ. ಮಡಿಕೇರಿಗೆ ರೈಲಿಲ್ಲ. ದೂರದವರನ್ನು ಕಣ್ಣೂರು ವಿಮಾನ ನಿಲ್ದಾಣದಿಂದಲೋ ಮೈಸೂರಿನಿಂದಲೋ ಒಂದೇ ಬಸ್ಸಿನಲ್ಲಿ ಹಗಲಿನಲ್ಲೇ ತನ್ನಿ. ಹೋಂಸ್ಟೇ ಹಿಡಿಯುವ ಮೊದಲು ನೋಟಕ್ಕಿಂತ ಮೆಟ್ಟಿಲು ಎಣಿಸಿ, ಶೌಚಾಲಯದಲ್ಲಿ ಹಿಡಿಕೆ ಇದೆಯೇ ನೋಡಿ. ಪಂದಿ ಕರಿ ಇರಲಿ, ಕಡಂಬುಟ್ಟು ಇರಲಿ, ಜೊತೆಗೆ ಉಪ್ಪು ಕಡಿಮೆ ಹಾಕಿದ ಸಾರೂ ಒಂದಿರಲಿ.

ಅಗಲಿದವರ ಹೆಸರು ಓದುವ ಕೆಲಸ ಊಟಕ್ಕೆ ಮೊದಲೇ ಮುಗಿಯಲಿ, ರಾತ್ರಿಗೆ ಇಡಬೇಡಿ. ಅವರ ಮನೆಯವರನ್ನು ಶುಲ್ಕವಿಲ್ಲದೆ ಕರೆಯಿರಿ, ಕರೆಯುವಾಗ ಕಾಗದ ಕಳಿಸಿ ಸುಮ್ಮನಾಗದೆ ಯಾರಾದರೊಬ್ಬರು ಹೋಗಿ ಕಾರಿನಲ್ಲಿ ಕರೆತನ್ನಿ.

ಟ್ರಸ್ಟ್ ಡೀಡಿನ ಬಗ್ಗೆ ಪ್ರಶ್ನೆ ಇರುವವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಮೊದಲು ತಟ್ಟೆ ತುಂಬಿಸಿಕೊಂಡು ಬನ್ನಿ, ಉತ್ತರ ಉದ್ದ ಇದೆ. ನಮಸ್ಕಾರ.