ಚಿನ್ನದ ರೇಜರ್ ಇದ್ದರೂ ಬೋಳಿಸೋಕೆ ತಾಮ್ರವೇ ಬೇಕು

ಈಜಿಪ್ಟಿನ ಲಕ್ಸರ್, ನೈಲ್ ನದಿಯ ಪಶ್ಚಿಮ ದಂಡೆ, ಅರಮನೆಯ ಲಿಪಿಕಾರ ಉಸರ್‌ಹತ್‌ನ ಸಮಾಧಿ. ಬೇಟೆ, ನೈವೇದ್ಯ ಎಲ್ಲಾ ಆಮೇಲೆ ನೋಡೋಣ, ಮೊದಲು ಈ ಗೋಡೆಗೆ ಬನ್ನಿ. ಮರದ ಕೆಳಗೆ ಕ್ಷೌರ ನಡೀತಿದೆ! ಸೈನ್ಯಕ್ಕೆ ಸೇರಿದ ಹುಡುಗರು ಸರದಿಗೆ ಕಾದು ಕೂತಿದ್ದಾರೆ, ಕಾದೂ ಕಾದೂ ಕೂತಲ್ಲೇ ತೂಕಡಿಸ್ತಿರೋರೂ ಇದ್ದಾರೆ. ರಾಜ ಎರಡನೇ ಅಮೆನ್‌ಹೋಟೆಪ್ ಕಾಲದ್ದು, ಸುಮಾರು 3,400 ವರ್ಷ ಹಳೇ ಚಿತ್ರ.

ಆ ಕಾಲದ ಕಂಚಿನ ರೇಜರ್ ಹೆಚ್ಚಾಗಿ ಪುಟ್ಟ ಕೊಡಲಿ ಥರ ಇರುತ್ತೆ. ಅಗಲವಾದ ಅಲಗು, ಬಾಗಿದ ಅಂಚು, ಪಕ್ಕಕ್ಕೆ ಮರದ ಹಿಡಿ. ಪಕ್ಕದಲ್ಲಿ ಚಿಮಟ, ಕಾಡಿಗೆ ಕಡ್ಡಿ, ಉಜ್ಜಿ ಉಜ್ಜಿ ಹೊಳಪು ಬರಿಸಿದ ಲೋಹದ ಕನ್ನಡಿ.

ಆದರೆ ನನಗೆ ತುಂಬಾ ಹಿಡಿಸಿದ್ದು ಇದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನ ಒಂದು ಸೆಟ್. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ಇದ್ದಾನಲ್ಲ, ಅವನ ತಾಯಿ ಹೆತೆಫೆರೆಸ್‌ದು. 1925ರಲ್ಲಿ ಅಮೆರಿಕದ ಪುರಾತತ್ವಜ್ಞ ರೈಸ್ನರ್ ತಂಡದ ಫೋಟೋಗ್ರಾಫರ್ ಟ್ರೈಪಾಡ್ ಊರೋಕೆ ಹೋದಾಗ ನೆಲದಲ್ಲಿ ಗಾರೆ ಕಾಣಿಸ್ತು, ಅದರ ಕೆಳಗೆ ಆಳದಲ್ಲಿ ಗೋರಿ. ಟ್ರೈಪಾಡ್ ಹೊತ್ತು ತಿರುಗೋ ನಮ್ಮಂಥವರಿಗೆ ಇದಕ್ಕಿಂತ ಒಳ್ಳೇ ಕಥೆ ಬೇಕಾ! ಒಳಗೆ ಚಿನ್ನದ ರೇಜರ್‌ಗಳು, ತಾಮ್ರದ ರೇಜರ್‌ಗಳು, ಜೊತೆಗೆ ಉಗುರಿಗೆ ಅಂತಲೇ ಚಿನ್ನದ ಒಂದು ಕಡ್ಡಿ. ಒಂದು ತುದಿ ಚೂಪು, ಉಗುರಿನ ಕೊಳೆ ತೆಗೆಯೋಕೆ. ಇನ್ನೊಂದು ತುದಿ ಬಾಗಿದೆ, ಉಗುರಿನ ಬುಡದ ಚರ್ಮ ಹಿಂದಕ್ಕೆ ಒತ್ತೋಕೆ. ಇವತ್ತಿನ ಪಾರ್ಲರ್‌ನಲ್ಲಿ ಮಾಡೋದೂ ಇದನ್ನೇ.

ಚಿನ್ನದ ರೇಜರ್ ಮಾತ್ರ ಶೋಕಿಗೆ ಅಂತಲೇ ನನ್ನ ಲೆಕ್ಕ. ಚಿನ್ನ ಮೆತ್ತಗೆ, ಹರಿತ ನಿಲ್ಲೋದಿಲ್ಲ. ತಾಮ್ರ ಹಾಗಲ್ಲ, ತಣ್ಣಗಿರುವಾಗ ತಟ್ಟುತ್ತಾ ಹೋದಷ್ಟೂ ಅಂಚು ಗಟ್ಟಿಯಾಗುತ್ತೆ. ಆಮೇಲಿನ ರಾಜಕುಮಾರಿ ಸಿತ್‌ಹಥೋರ್‌ಯೂನೆತ್ ಜಾಣೆ. ಈಜಿಪ್ಟಿನದೇ ಲಾಹುನ್ ಅನ್ನೋ ಊರಲ್ಲಿ 1914ರಲ್ಲಿ ಸಿಕ್ಕ ಅವಳ ರೇಜರ್‌ಗಳಲ್ಲಿ ಹಿಡಿಗೆ ಚಿನ್ನ, ಅಲಗಿಗೆ ತಾಮ್ರ. ಜೊತೆಗೆ ಸಾಣೆಕಲ್ಲು!

ಸಾಣೆಕಲ್ಲು ಇಲ್ಲದೆ ನಡೆಯೋ ಹಾಗೇ ಇರಲಿಲ್ಲ ಬಿಡಿ. ದೇವಸ್ಥಾನದ ಪುರೋಹಿತರು ಹೇನು ಹತ್ತಬಾರದು ಅಂತ ದಿನ ಬಿಟ್ಟು ದಿನ ಮೈಯೆಲ್ಲಾ ಬೋಳಿಸ್ಕೊಳ್ತಿದ್ರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಇನ್ನು ಕ್ಷೌರಿಕನ ಪಾಡು? ಈಜಿಪ್ಟಿನದೇ ಒಂದು ಹಳೇ ಬರಹದಲ್ಲಿ ಅಪ್ಪ ಮಗನಿಗೆ ಬುದ್ಧಿ ಹೇಳ್ತಾನೆ: ಲಿಪಿಕಾರನಾಗು, ಕ್ಷೌರಿಕನ್ನ ನೋಡು, ಕತ್ತಲಾದ್ರೂ ಬೀದಿ ಬೀದಿ ಅಲೆದು ಗಿರಾಕಿ ಹುಡುಕ್ತಾನೆ, ಹೊಟ್ಟೆ ತುಂಬಿಸೋಕೆ ತೋಳು ಸವೆಸ್ತಾನೆ ಅಂತ.