ಹೀರೋ ಪಕ್ಕದಲ್ಲಿ ನಿಂತವರು

ಕೇಳುಗರಿಗೆಲ್ಲ ನಮಸ್ಕಾರ. ಸಿನಿಮಾ ನೋಡಿ ಬಂದವರನ್ನು ಕೇಳಿ ನೋಡಿ. ಹೀರೋ ಹೆಸರು ಹೇಳ್ತಾರೆ, ಹೀರೋಯಿನ್ ಹೆಸರು ಹೇಳ್ತಾರೆ. ಒಂದೇ ನಿಮಿಷ ಬಂದು ನಗಿಸಿ ಹೋದವನ ಹೆಸರು? ಗೊತ್ತೇ ಇರಲ್ಲ. ದಯವಿಟ್ಟು ಪೋಷಕ ನಟರನ್ನು ನೋಡಿ. ಇವತ್ತು ನಾನು ಹೇಳೋದು ಇಷ್ಟೇ.

ಅಂಥ ಒಬ್ಬ ನಟ, ಜರ್ಮನಿಯ ಕುರ್ಟ್ ಬೋಯ್ಸ್. 1901ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದರು. ಚಿಕ್ಕ ಹುಡುಗನಾಗಿದ್ದಾಗಲೇ ರಂಗಕ್ಕೆ ಬಂದರು, ಆಮೇಲೆ ಮೂಕಿ ಚಿತ್ರಗಳಿಗೆ. ಯಹೂದಿ ಮನೆತನ. ಹಿಟ್ಲರ್ ಬಂದ ಮೇಲೆ ಅಲ್ಲಿ ಉಳಿಯೋ ಹಾಗಿರಲಿಲ್ಲ. ಅಮೆರಿಕ ಸೇರಿದರು. ಹಾಲಿವುಡ್‌ನಲ್ಲಿ ಸಿಕ್ಕಿದ್ದೆಲ್ಲ ಚಿಲ್ಲರೆ ಪಾತ್ರಗಳು.

ಅದರಲ್ಲಿ ಒಂದು, 1942ರ ‘ಕಾಸಾಬ್ಲಾಂಕಾ’. ಇವರದು ಜೇಬುಗಳ್ಳನ ಪಾತ್ರ. ಅದಕ್ಕೊಂದು ಹೆಸರೂ ಇಲ್ಲ! ಬೀದಿಯಲ್ಲಿ ಪೊಲೀಸರು ಕಂಡಕಂಡವರನ್ನು ಹಿಡೀತಿದ್ದಾರೆ. ಒಬ್ಬ ಇಂಗ್ಲಿಷ್ ದೊರೆ, ಹೆಂಡತಿ ಜೊತೆ ಕೂತು ಬೆರಗಾಗಿ ನೋಡ್ತಿದ್ದಾನೆ. ನಮ್ಮ ಬೋಯ್ಸ್ ಹತ್ತಿರ ಹೋಗಿ, ಬಹಳ ಮರ್ಯಾದೆಯಿಂದ, ನಡೀತಿರೋದು ಏನು ಅಂತ ವಿವರಿಸುತ್ತಾರೆ. ಆಮೇಲೆ ಕಳಕಳಿಯಿಂದ ಎಚ್ಚರಿಸುತ್ತಾರೆ: ಹುಷಾರಾಗಿರಿ ಸ್ವಾಮಿ, ಇಲ್ಲಿ ಎಲ್ಲಿ ನೋಡಿದರೂ ರಣಹದ್ದುಗಳೇ! ಎಷ್ಟು ಒಳ್ಳೆ ಮನುಷ್ಯ ಅಲ್ವಾ? ಅವರು ಅತ್ತ ಹೋದ ಮೇಲೆ ದೊರೆ ಜೇಬು ತಡಕುತ್ತಾನೆ. ಪರ್ಸಿಲ್ಲ. ಹೋಟೆಲಲ್ಲೇ ಬಿಟ್ಟು ಬಂದೆ ಅಂದುಕೊಳ್ತಾನೆ, ಪಾಪ. ಮುಂದೆ ಹೀರೋ ನಡೆಸೋ ಕೆಫೆಯೊಳಗೆ ಇದೇ ಕಳ್ಳ ಅಲ್ಲಿನ ನೌಕರನಿಗೆ ಡಿಕ್ಕಿ ಹೊಡೆಯುತ್ತಾನೆ. ಆ ನೌಕರ ಜಾಣ, ಕೂಡಲೇ ತನ್ನ ಜೇಬೆಲ್ಲ ಮುಟ್ಟಿ ನೋಡಿಕೊಳ್ತಾನೆ. ಅವನ ಪಾತ್ರ ಮಾಡಿದವರೂ ಯುರೋಪಿನಿಂದ ಓಡಿಬಂದವರೇ. ಹೀರೋ ಬೋಗಾರ್ಟ್, ಹೀರೋಯಿನ್ ಬರ್ಗ್‌ಮನ್ ಪ್ರೇಮಕತೆ ನೂರು ಸಲ ನೋಡಿದ್ದೀರಿ. ಒಂದು ಸಲ ಇವರನ್ನು ನೋಡಿ ಸ್ವಾಮಿ!

ಅಯ್ಯೋ, ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದ್ದಾರೆ. ಬೇಗ ಹೇಳ್ತೀನಿ. 1950ರಲ್ಲಿ ಬೋಯ್ಸ್ ಬರ್ಲಿನ್‌ಗೆ ವಾಪಸಾದರು. ಜರ್ಮನ್ ನಾಟಕಕಾರ ಬ್ರೆಕ್ಟ್ ಅವರ ನಾಟಕ ತಂಡದಲ್ಲಿ, ಅವರದೇ ನಾಟಕದ ಜಮೀನ್ದಾರ ಪುಂಟಿಲನಾಗಿ ನಟಿಸಿದರು. ಅದು ದೊಡ್ಡ ಪಾತ್ರ, ಅದರ ಬಗ್ಗೆ ಬೇರೆಯವರು ಹೇಳಿಯಾರು. 1987ರಲ್ಲಿ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಅವರ ‘ವಿಂಗ್ಸ್ ಆಫ್ ಡಿಸೈರ್’ ಚಿತ್ರದಲ್ಲಿ ಅಜ್ಜನಾಗಿ ಬಂದರು. ಬರ್ಲಿನ್ ಗೋಡೆ ಪಕ್ಕದ ಬಯಲಲ್ಲಿ, ತಾನು ಕಂಡಿದ್ದ ಪಾಟ್ಸ್‌ಡಾಮರ್ ಚೌಕ ಎಲ್ಲಿ ಹೋಯ್ತು ಅಂತ ಹುಡುಕೋ ಅಜ್ಜ. ಮರುವರ್ಷ ಯುರೋಪಿಯನ್ ಫಿಲ್ಮ್ ಪ್ರಶಸ್ತಿ ಬಂತು, ಪೋಷಕ ನಟ ಅಂತಲೇ. ಆಗ ವಯಸ್ಸು 87. 1991ರಲ್ಲಿ ತೀರಿಕೊಂಡರು.

ಆ ಜೇಬುಗಳ್ಳನ ದೃಶ್ಯ ಚಿತ್ರದ ಶುರುವಿನಲ್ಲೇ ಬರುತ್ತೆ. ಕಾಫಿ ಮಾಡಿಕೊಂಡು ಆಮೇಲೆ ಕೂರೋಣ ಅಂದ್ರೆ ಸಿಗಲ್ಲ. ನಮಸ್ಕಾರ.