ಒಣಗುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಅನೇಕರು ಮನೆ ರಿಪೇರಿ ಮಾಡಿಸಿದವರು, ಕೆಲವರು ಈಗಲೂ ಅದರ ನಡುವೆ ಇರುವವರು. ಧೂಳಿನ ಕಷ್ಟ ನಿಮಗೆ ಹೇಳಬೇಕಿಲ್ಲ. ನನ್ನದು ಒಂದೇ ಮಾತು: ನಾವು ಕೆಲಸದ ದಿನಗಳನ್ನು ಎಣಿಸುತ್ತೇವೆ, ಒಣಗುವ ದಿನಗಳನ್ನು ಬಿಟ್ಟುಬಿಡುತ್ತೇವೆ.

ಒಂದು ಬಚ್ಚಲುಮನೆಯನ್ನೇ ತೆಗೆದುಕೊಳ್ಳಿ. ಹಳೇ ಟೈಲ್ಸ್ ಒಡೆಯುವುದು ಬೇಗ ಮುಗಿಯುತ್ತದೆ. ಗೋಡೆ ಕೊರೆದು ಪೈಪು ಕೂರಿಸಿದರೆ, ಮುಚ್ಚುವ ಮೊದಲು ಒತ್ತಡ ಕೊಟ್ಟು ಸೋರಿಕೆ ನೋಡಬೇಕು. ಸಿಮೆಂಟ್ ಪ್ಲಾಸ್ಟರಿಗೆ ಒಂದು ವಾರವಾದರೂ ನೀರು ಹೊಡೆಯಬೇಕು. ವಾಟರ್‌ಪ್ರೂಫಿಂಗ್‌ನ ಮೊದಲ ಕೋಟು ಒಣಗಿದ ಮೇಲೆಯೇ ಎರಡನೆಯದು. ಆಮೇಲೆ 24ರಿಂದ 48 ಗಂಟೆ ನೆಲದ ಮೇಲೆ ನೀರು ನಿಲ್ಲಿಸಿ ಸೋರಿಕೆಯ ಪರೀಕ್ಷೆ. "ಹತ್ತು ದಿನದಲ್ಲಿ ಮುಗಿಸ್ಕೊಡ್ತೀನಿ" ಎನ್ನುವ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಕೈ ಆಡುವ ದಿನಗಳನ್ನಷ್ಟೇ ಹೇಳುತ್ತಿದ್ದಾನೆ.

ನನಗೆ ಪರಿಚಯದ ಒಂದು ಮನೆಯವರಿಗೆ ನೆಂಟರು ಬರುವ ದಿನ ಗೊತ್ತಾಗಿತ್ತು. ನೀರು ನಿಲ್ಲಿಸುವ ಪರೀಕ್ಷೆ ಬಿಟ್ಟರೆ ಎರಡು ದಿನ ಉಳಿಯುತ್ತದೆ ಅಂದುಕೊಂಡು ಅದನ್ನು ಕೈಬಿಟ್ಟರು. ಟೈಲ್ಸ್ ಚೆಂದ ಬಂತು. ನೆಂಟರೂ ಬಂದರು, ಸಾಲಾಗಿ ಸ್ನಾನ ಮಾಡಿದರು. ಕೆಳಗಿನ ಕೋಣೆಯಲ್ಲಿ ಊಟಕ್ಕೆ ಕೂತಾಗ ಚಾವಣಿಯಲ್ಲಿ ಒದ್ದೆ ಕಲೆ ಅಗಲವಾಗುತ್ತಿತ್ತು. ನೆಂಟರು ಎಷ್ಟು ಸಂಭಾವಿತರೆಂದರೆ, ಎಲ್ಲರೂ ನೋಡಿದರು, ಒಬ್ಬರೂ ಬಾಯಿ ಬಿಡಲಿಲ್ಲ! ಕೊನೆಗೆ ಹೊಸ ಟೈಲ್ಸನ್ನೇ ಒಡೆಯಬೇಕಾಯಿತು. ಅದೇ ಬ್ಯಾಚಿನ ಬಣ್ಣ ಮತ್ತೆ ಸಿಗಲಿಲ್ಲ. ಎರಡು ದಿನ ಉಳಿಸಲು ಹೋಗಿ ತಿಂಗಳಿಗಿಂತ ಹೆಚ್ಚು ಕಳೆದುಕೊಂಡರು. ಆ ಎರಡು ದಿನ ಯಾರೂ ಕೆಲಸ ಮಾಡುವುದಿಲ್ಲ ನೋಡಿ, ಅದಕ್ಕೇ ಅವು ದಂಡದ ದಿನಗಳಂತೆ ಕಾಣುತ್ತವೆ.

ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ಗುರುತಿಸಿದರು. ಸ್ವಂತ ಯೋಜನೆಯ ಅವಧಿ ಅಂದಾಜು ಮಾಡುವಾಗ ನಾವು ಆ ಯೋಜನೆಯನ್ನಷ್ಟೇ ನೋಡುತ್ತೇವೆ, ಅಂಥದೇ ಕೆಲಸಗಳು ಹಿಂದೆ ಎಷ್ಟು ಕಾಲ ಹಿಡಿದವು ಎಂದು ನೋಡುವುದಿಲ್ಲ. ಆದ್ದರಿಂದ ಮೇಸ್ತ್ರಿಯನ್ನು "ಎಷ್ಟು ದಿನ ಬೇಕು?" ಎನ್ನುವುದಕ್ಕಿಂತ "ಹಿಂದಿನ ಮನೆಯಲ್ಲಿ ಎಷ್ಟು ದಿನ ಆಯ್ತು?" ಎಂದು ಕೇಳಿ. ಆ ಮನೆಯವರನ್ನೂ ಕೇಳಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಹೇಳುತ್ತೇನೆ. ಅಡುಗೆಮನೆಯ ಕಲ್ಲಿನ ಕಟ್ಟೆಗೆ ಸರಿಯಾದ ಅಳತೆ ಸಿಗುವುದು ಕೆಳಗಿನ ಕಪಾಟು ಕೂತ ಮೇಲೆ. ಅಳತೆ ಕೊಟ್ಟು ಕಲ್ಲು ಬರುವ ತನಕ ಸಿಂಕೂ ಇಲ್ಲ, ನಲ್ಲಿಯೂ ಇಲ್ಲ. ಹೊಸ ಪ್ಲಾಸ್ಟರಿನ ಮೇಲೆ ಪೇಂಟ್ ಹೊಡೆಯಲು ಸುಮಾರು ನಾಲ್ಕು ವಾರ ಬಿಡಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಇದೂ ಒಣಗುವ ಲೆಕ್ಕವೇ! ಸ್ವಿಚ್ಚು ಎಲ್ಲಿ, ನಲ್ಲಿ ಎಲ್ಲಿ ಎಂಬುದು ಒಡೆಯುವ ಮೊದಲೇ ತೀರ್ಮಾನವಾಗಿರಲಿ. ಟೈಲ್ಸ್, ಬಾಗಿಲು ಮನೆಗೆ ಬಂದ ಮೇಲೆ ಸುತ್ತಿಗೆ ಎತ್ತಿ.

ಮರಗೆಲಸದ ಬಗ್ಗೆ ಹೇಳಬೇಕೆಂದಿದ್ದೆ, ಸಮಯ ಇಲ್ಲ. ಮೇಸ್ತ್ರಿಯ ಪಟ್ಟಿಯಲ್ಲಿ ಎರಡು ಸಾಲು ಕೇಳಿ ಬರೆಸಿಕೊಳ್ಳಿ, ಕೆಲಸದ ದಿನಕ್ಕೊಂದು, ಕಾಯುವ ದಿನಕ್ಕೊಂದು. ಪ್ರಶ್ನೆಗಳಿದ್ದರೆ ಕೇಳಿ, ಈಗಾಗಲೇ ಗೋಡೆ ಒಡೆಸಿ ಬಂದಿರುವವರು ಮೊದಲು.